ಎಮ್ಮೆಯ ಉಸಿರು

ಬಾಟಲಿಯ ಮುಚ್ಚಳದ ತುಂಬ ಪೆಟ್ರೋಲು ಹಿಡಿದು, ಹನಿಯೂ ಚೆಲ್ಲದಂತೆ ಚಿಕ್ಕ ಮೇಸ್ತ್ರಿ ಎಂಜಿನ್ನಿನ ಮೇಲೆ ಬಗ್ಗಿದ. ಇನ್ನೊಂದು ಕೈ ಆಗಲೇ ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿ ಪಕ್ಕಕ್ಕಿಟ್ಟಿತ್ತು. ಬಹಳ ದಿನ ನಿಂತ ಕಾರಿನ ಕಾರ್ಬುರೇಟರಿನ ಬಾಯಿಗೆ ಒಂದು ಗುಟುಕು ಪೆಟ್ರೋಲು ಹುಯ್ದರೆ ಅದು ಕೆಮ್ಮಿಕೊಂಡು ಎದ್ದು ಕೂರುತ್ತದೆ. ಅವನಿಗೂ ಅವನ ಅಣ್ಣನಿಗೂ ಇದು ಹಲ್ಲುಜ್ಜಿದಷ್ಟೇ ಅಭ್ಯಾಸವಾದ ಕೆಲಸ.

ಯಾರೋ ಮಣಿಕಟ್ಟು ಹಿಡಿದರು. ತಿರುಗಿ ನೋಡಿದರೆ ವೈರಿಂಗ್‌ನವಳು. ಬಾಗಿಲಿನಿಂದಲೇ ಕೂಗಿಕೊಂಡು ಬಂದಿದ್ದಳೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಹಾಕ್ಬೇಡಿ ಚಿಕ್ಕ ಮೇಸ್ತ್ರಿ! ಅಲ್ಲಿ ಕಾರ್ಬುರೇಟರ್ ಎಲ್ಲಿದೆ?"

ಅವನು ನೋಡಿದ. ಇರಲಿಲ್ಲ. ಜೋಡಿ ಕಾರ್ಬುರೇಟರು ಕೂತಿರುತ್ತಿದ್ದ ಜಾಗದಲ್ಲಿ ಅಲ್ಯೂಮಿನಿಯಮ್ಮಿನ ಒಂದು ಹೊಳೆಯುವ ದಿಮ್ಮಿ, ಅದರ ಸುತ್ತ ನೀಟಾಗಿ ಕಟ್ಟಿದ ವೈರುಗಳು. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹೋದ ವರ್ಷ ಇದೇ ದಿಮ್ಮಿಯ ದೆಸೆಯಿಂದ ಅಣ್ಣನ ಹತ್ತಿರ ಜಗಳವಾಡಿ ಈ ಷೆಡ್ಡಿಗೆ ಕಾಲಿಡುವುದನ್ನೇ ಬಿಟ್ಟಿದ್ದ. ತಲೆಗೆ ನೆನಪಿತ್ತು, ಕೈ ಮರೆತಿತ್ತು.

"ಅಭ್ಯಾಸ ಬಲ," ಎಂದು ಮುಚ್ಚಳದ ಪೆಟ್ರೋಲನ್ನು ಬಾಟಲಿಗೆ ವಾಪಸ್ಸು ಸುರಿದ.

"ಬ್ಯಾಟರಿ ಇಳಿದುಹೋಗಿದೆ. ಚಾರ್ಜಿಗೆ ಹಾಕ್ತೀನಿ. ಅಷ್ಟೊತ್ತು ನೀವು ಒಳಗೆ ಹೋಗಿ ಅತ್ತಿಗೆ ಹತ್ರ ಕೂತ್ಕೊಳಿ," ಎಂದಳು ಅವಳು. ಪಕ್ಕದ ಬೀದಿಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟಿದ್ದ ನಡುವಯಸ್ಸಿನ ಹೆಂಗಸು. ಈ ಕಾರಿಗೆ ಕಂಪ್ಯೂಟರ್ ಕೂರಿಸಿದ್ದು ಅವಳೇ. ಆ ಕಾರಣಕ್ಕೆ ಚಿಕ್ಕ ಮೇಸ್ತ್ರಿ ವರ್ಷದಿಂದ ಅವಳನ್ನು ಕಂಡರೆ ರಸ್ತೆ ದಾಟುತ್ತಿದ್ದ. ಇವತ್ತು ದಾಟಲು ರಸ್ತೆ ಇರಲಿಲ್ಲ.

ಷೆಡ್ಡಿಗೆ ಅಂಟಿಕೊಂಡೇ ಇದ್ದ ಮನೆಯ ಮುಂದಿನ ಕೋಣೆಯಲ್ಲಿ ಅವನ ಅಣ್ಣ, ಬೀದಿಗೆಲ್ಲ ದೊಡ್ಡ ಮೇಸ್ತ್ರಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಶ್ವಾಸಕೋಶದ ಕಾಯಿಲೆ ಅವನನ್ನು ನಿಧಾನಕ್ಕೆ ತಿಂದು ನಿನ್ನೆ ಮುಗಿಸಿತ್ತು. ಚಿಕ್ಕ ಮೇಸ್ತ್ರಿ ಅಣ್ಣನ ಮುಖ ನೋಡಿದ. ಕಾಯಿಲೆಯವನಂತಿರಲಿಲ್ಲ, ಊಟವಾದ ಮೇಲೆ ಬೆಂಚಿನ ಮೇಲೆ ಅಡ್ಡಾದವನಂತಿದ್ದ. ಅಳು ಬರುತ್ತದೇನೋ ಎಂದು ಕಾದ. ಬರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿನಂತೆ ಎದೆ ಜೋಮು ಹಿಡಿದಿತ್ತು. ಒಂದೇ ಒಂದು ಮಾತು ಮಾತ್ರ ಆ ಜೋಮಿನೊಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು: ನನ್ನನ್ನು ಒಂದು ಮಾತು ಕೇಳದೆ ಕಾರ್ಬುರೇಟರು ಯಾಕೆ ಕಿತ್ತೆ?

ಅತ್ತಿಗೆ ಬಂದು ಅವನ ಎಡಗಡೆ ಕೂತರು. ಅತ್ತು ಅತ್ತು ಅವರ ದನಿ ಕಟ್ಟಿತ್ತು.

"ಎಮ್ಮೆ ಎದ್ದಳೇನೋ?"

"ಇನ್ನೂ ಇಲ್ಲ ಅತ್ತಿಗೆ. ಚಾರ್ಜಿಗೆ ಹಾಕಿದಾಳೆ."

ಎಮ್ಮೆ ಎಂದರೆ ಆ ಕಾರು. ಎರಡೇ ಬಾಗಿಲು, ಎಂಟು ಸಿಲಿಂಡರು, ಒಳಗೆ ಕೂರುವ ಜಾಗಕ್ಕಿಂತ ಬಾನೆಟ್ಟೇ ಉದ್ದ. ಕಪ್ಪು ಬಣ್ಣ, ಅಗಲ ಹಣೆ, ಕುಡಿತವೂ ಹಾಗೆಯೇ. ರಿಪೇರಿಗೆ ಬಿಟ್ಟುಹೋದ ಮಾಲೀಕ ಮತ್ತೆ ತಿರುಗಿ ನೋಡದಿದ್ದಾಗ ಅಣ್ಣತಮ್ಮಂದಿರು ಅದನ್ನು ಸಾಕಿಕೊಂಡಿದ್ದರು. ಸಾಕಿಕೊಂಡರು ಎನ್ನುವುದೇ ಸರಿ, ಅದರಿಂದ ಒಂದು ಚಿಕ್ಕಾಸಿನ ಪ್ರಯೋಜನವೂ ಇರಲಿಲ್ಲ.

"ಕೊನೇ ವಾರ ಅವರು ಬೇರೆ ಏನೂ ಹೇಳ್ಲಿಲ್ಲ," ಅತ್ತಿಗೆ ಮುಂದುವರಿಸಿದರು. "'ಎಮ್ಮೆ ನನ್ನ ಹೆಣದ ಮುಂದೆ ಹೋಗ್ಬೇಕು, ಮರೀನೇ ಓಡಿಸ್ಬೇಕು.' ಇದನ್ನೇ ಹೇಳಿದ್ದು ಹೇಳಿದ್ದು."

ಮರಿ ಎಂದರೆ ಚಿಕ್ಕ ಮೇಸ್ತ್ರಿ. ಅರವತ್ತು ದಾಟಿ ಮೀಸೆ ಬೆಳ್ಳಗಾದ ಮರಿ.

"ನಾನೇ ಯಾಕೆ ಅತ್ತಿಗೆ? ಗಾಡಿಗೆ ಕಂಪ್ಯೂಟರ್ ಹಾಕ್ಸೋವಾಗ ನಾನು ಬೇಕಾಗಿರ್ಲಿಲ್ಲ. ಈಗ ಅದನ್ನ ಮೆರೆಸೋಕೆ ನಾನು ಬೇಕಾ?"

ಅತ್ತಿಗೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಟೈರ್ ಅಂಗಡಿಯವನು ಹೂವಿನ ಹಾರ ಹಿಡಿದು ಒಳಗೆ ಬಂದ. ಅವನದು ಪಿಸುಗುಡಲು ಬಾರದ ಗಂಟಲು. ಹಾರ ಹಾಕಿ, ಕಣ್ಣೊರೆಸಿಕೊಂಡು, ಅವರೆದುರಿನ ಕುರ್ಚಿಗೆ ಬಂದು ಬಿದ್ದ.

"ಎಂಥ ಕಿವಿ ಅಮ್ಮಾ, ಎಂಥ ಕಿವಿ! ಬೀದಿ ಆ ತುದೀಲಿ ಗಾಡಿ ಬರ್ತಿದ್ರೆ ಇಲ್ಲಿ ಟೀ ಕುಡೀತಾ 'ಎಡಗಡೆ ಕಾರ್ಬುರೇಟರ್ ಉಪವಾಸ ಇದೆ' ಅಂತಿದ್ರು. ಅಂಥವರು ಕೊನೇಗೆ ಎಮ್ಮೆ ಹಾಲು ಕರೆಯೋಕೂ ಕಂಪ್ಯೂಟರ್ ಇಟ್ಕೊಂಡ್ರಲ್ಲ, ನನಗಂತೂ ಅದು ಅರ್ಥಾನೇ ಆಗ್ಲಿಲ್ಲ." ಆಮೇಲೆ ಚಿಕ್ಕ ಮೇಸ್ತ್ರಿಯ ಮೊಣಕಾಲು ತಟ್ಟಿದ. "ಇನ್ನು ಆ ಕಿವಿ ಇರೋದು ನಿಮ್ಮೊಬ್ಬರಿಗೇ ಮೇಸ್ತ್ರಿ."

ಚಿಕ್ಕ ಮೇಸ್ತ್ರಿ ತಲೆಯಾಡಿಸಿದ. ಈಚೆಗೆ ಅವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ.

*

ಕಾರ್ಬುರೇಟರು ಗಾಳಿ ಎಳೆದುಕೊಳ್ಳುವಾಗ ಒಂದು ಸಣ್ಣ ಸದ್ದು ಬರುತ್ತದೆ. ಕುದಿಯುವ ಮುಂಚೆ ಹಾಲು ಮಾಡುವ ಸದ್ದಿನಂಥದು. ಎರಡು ಕಾರ್ಬುರೇಟರಿದ್ದರೆ ಎರಡರ ಸದ್ದೂ ಒಂದೇ ಸಮ ಇರಬೇಕು. ಗೇಣುದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೂ ಇನ್ನೊಂದನ್ನು ಕಿವಿಗೂ ಹಿಡಿದು, ಇದನ್ನು ಕೇಳಿ, ಅದನ್ನು ಕೇಳಿ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು. ಅಪ್ಪ ಕಲಿಸಿದ್ದು ಇಷ್ಟೇ. ಇಷ್ಟರ ಮೇಲೆಯೇ ಇಬ್ಬರ ಸಂಸಾರ ನಡೆದಿತ್ತು.

ಅಣ್ಣ ಒಂದು ಕಾರ್ಬುರೇಟರಿಗೆ, ತಮ್ಮ ಇನ್ನೊಂದಕ್ಕೆ ಬಗ್ಗಿ ನಿಂತು, ಒಂದೇ ಪೈಪನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. "ನಿಂದು ಜಾಸ್ತಿ ಉಸಿರಾಡ್ತಿದೆ, ಇಳಿಸೋ ಮರಿ." "ನಿಂದೇ ಗೊರಕೆ ಹೊಡೀತಿದೆ, ಮೊದಲು ಅದನ್ನ ಎಬ್ಬಿಸು." ಗಿರಾಕಿಗಳು ಇದನ್ನು ನೋಡಲೆಂದೇ ನಿಲ್ಲುತ್ತಿದ್ದರು.

ಆ ಸದ್ದು ಚಿಕ್ಕ ಮೇಸ್ತ್ರಿಗೆ ಯಾವಾಗ ಕೇಳದಾಯಿತೋ ಅವನಿಗೇ ಸರಿಯಾಗಿ ಗೊತ್ತಿಲ್ಲ. ಬಲಗಿವಿ ಮೊದಲು ಹೋಯಿತು. ಎಡಗಿವಿಗೆ ಮಾತು ಕೇಳುತ್ತಿತ್ತು, ಎಂಜಿನ್ನಿನ ಗುಡುಗು ಕೇಳುತ್ತಿತ್ತು, ಪೈಪಿನೊಳಗಿನ ಆ ಸಣ್ಣ ಸದ್ದು ಮಾತ್ರ ಇರಲಿಲ್ಲ. ಮೊದಲ ಸಲ ಪೈಪು ಕಟ್ಟಿಕೊಂಡಿದೆಯೆಂದು ಊದಿ ನೋಡಿದ. ಆಮೇಲೆ ಹೊಸ ಪೈಪು ಕತ್ತರಿಸಿಕೊಂಡ. ಆಮೇಲೆ ಸುಮ್ಮನಾದ. ಯಾರಿಗೂ ಹೇಳಲಿಲ್ಲ. ಪೈಪು ಹಿಡಿದು, ಕಣ್ಣು ಮುಚ್ಚಿ, ಕೇಳಿಸಿಕೊಳ್ಳುವವನ ಮುಖ ಮಾಡಿ, ಅಂದಾಜಿನ ಮೇಲೆ ಸ್ಕ್ರೂ ತಿರುಗಿಸುತ್ತಿದ್ದ. ಗಾಡಿಗಳು ಚೆನ್ನಾಗಿಯೇ ಓಡುತ್ತಿದ್ದವು. ಕೈಯೇ ಕಿವಿಯಾಗಿದೆ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಒಂದು ದಿನ ಊಟ ಬೇಗ ಮುಗಿಸಿ ಬಂದರೆ, ಅವನು ಬೆಳಿಗ್ಗೆ ಮುಗಿಸಿಟ್ಟ ಗಾಡಿಯ ಮೇಲೆ ಅಣ್ಣ ಬಗ್ಗಿ ನಿಂತಿದ್ದ. ಕಿವಿಯಲ್ಲಿ ಪೈಪು, ಕೈಯಲ್ಲಿ ಸ್ಕ್ರೂಡ್ರೈವರ್.

"ಏನಣ್ಣ?"

ಅಣ್ಣ ನೆಟ್ಟಗೆ ನಿಂತ. "ಏನಿಲ್ಲ ಕಣೋ. ಪೈಪು ತೂತು ಬಿದ್ದಿದ್ಯಾ ಅಂತ ನೋಡ್ತಿದ್ದೆ."

"ಬಿದ್ದಿದ್ಯಾ?"

"ಇಲ್ಲ. ಚೆನ್ನಾಗಿದೆ."

ಅಣ್ಣ ಪೈಪನ್ನು ಮೊಳೆಗೆ ನೇತುಹಾಕಿ ಕೈ ತೊಳೆಯಲು ಹೋದ. ನಂಬಿದರೆ ಸುಖವಿತ್ತು, ಚಿಕ್ಕ ಮೇಸ್ತ್ರಿ ನಂಬಿದ.

*

ಶವ ಸಾಗಿಸುವ ವ್ಯಾನು ಮನೆಯ ಮುಂದೆ ಬಂದು ನಿಂತಿತು. ಅದರ ಡ್ರೈವರು ಇಳಿದು, ಹೊಗೆ ಬಿಡುತ್ತಿದ್ದ ತನ್ನ ಗಾಡಿಯನ್ನೊಮ್ಮೆ ನೋಡಿ, ಬಾಗಿಲಲ್ಲಿದ್ದವರನ್ನು ಕೇಳಿದ: "ಮುಂದೆ ಯಾವುದೋ ಹಳೇ ಕಾರು ಹೋಗುತ್ತೆ ಅಂದ್ರು. ಅದು ದಾರೀಲಿ ಕೈ ಕೊಟ್ರೆ ಏನ್ಮಾಡೋದು? ನಂಗೆ ಮಧ್ಯಾಹ್ನ ಇನ್ನೊಂದು ಕಡೆ ಇದೆ."

"ಕೈ ಕೊಡಲ್ಲ," ಎಂದ ಟೈರ್ ಅಂಗಡಿಯವನು. "ಅದನ್ನ ಸಾಕಿದವರು ಯಾರು ಗೊತ್ತಾ?"

"ಗೊತ್ತು. ಅವರನ್ನ ಒಯ್ಯೋಕೇ ಬಂದಿದ್ದೀನಿ," ಎಂದ ಡ್ರೈವರು ತಣ್ಣಗೆ.

ಯಾರೋ ಬಂದ ನಗು ತಡೆದುಕೊಂಡರು. ಅಣ್ಣ ಇದ್ದಿದ್ದರೆ ತಡೆದುಕೊಳ್ಳುತ್ತಿರಲಿಲ್ಲ ಎಂದು ಚಿಕ್ಕ ಮೇಸ್ತ್ರಿಗೆ ಅನ್ನಿಸಿತು. ಅನ್ನಿಸಿ ಏನೂ ಆಗಲಿಲ್ಲ. ಅವನು ಎದ್ದು ಷೆಡ್ಡಿಗೆ ಹೋದ.

ವೈರಿಂಗ್‌ನವಳು ಬ್ಯಾಟರಿಯ ತಂತಿ ಬಿಗಿಯುತ್ತಿದ್ದಳು. ಕೆಲಸದ ಬೆಂಚಿನ ಮೇಲೆ ಹಳೆಯ ಕಾರ್ಬುರೇಟರುಗಳೆರಡೂ ಹಾಗೆಯೇ ಇದ್ದವು, ತೊಳೆದು, ಎಣ್ಣೆ ಸವರಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ. ಹೋದ ವರ್ಷ ಅವನು ಬಂದು ನೋಡಿದಾಗಲೂ ಹೀಗೇ ಇದ್ದವು.

*

ಆಗ ಚಿಕ್ಕ ಮೇಸ್ತ್ರಿ ಮಗಳ ಮನೆಗೆಂದು ಹೋಗಿ ತಿಂಗಳು ಕಳೆದು ವಾಪಸ್ಸು ಬಂದಿದ್ದ. ಬ್ಯಾಗು ಕೂಡ ಮನೆಯಲ್ಲಿಡದೆ ಷೆಡ್ಡಿಗೆ ಬಂದರೆ ಎಮ್ಮೆಯ ಬಾನೆಟ್ಟು ತೆರೆದಿತ್ತು. ಪೆಟ್ರೋಲ್ ಟ್ಯಾಂಕಿನೊಳಕ್ಕೆ ಕರೆಂಟಿನ ಪಂಪು ಇಳಿಸಿದ್ದರು. ಹೊಗೆ ಕೊಳವೆಗೆ ತೂತು ಕೊರೆದು ಯಾವುದೋ ಸೆನ್ಸರು ತಿರುಪಿದ್ದರು. ಸೀಟಿನ ಕೆಳಗೆ ಊಟದ ಡಬ್ಬಿಯಷ್ಟು ಗಾತ್ರದ ಕಂಪ್ಯೂಟರು. ಅಣ್ಣ ಸ್ಟೂಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಆಗಲೇ ಅವನಿಗೆ ಕಾಯಿಲೆ ಶುರುವಾಗಿತ್ತು.

"ಏನಣ್ಣ ಇದು?"

"ಇಂಜೆಕ್ಷನ್ ಕಣೋ ಮರಿ. ಇನ್ಮೇಲೆ ಸ್ಕ್ರೂ ಇಲ್ಲ, ಚೋಕ್ ಇಲ್ಲ. ಎಷ್ಟು ಗಾಳಿ, ಎಷ್ಟು ಪೆಟ್ರೋಲು ಅಂತ ಅದೇ ನೋಡ್ಕೊಳ್ಳುತ್ತೆ. ಓಡಿಸ್ತಾ ಓಡಿಸ್ತಾ ಅದೇ ಕಲಿಯುತ್ತೆ."

"ಹಂಗಾದ್ರೆ ನಾವು ಕಲಿತಿದ್ದು ಏನಕ್ಕೆ?"

"ಕಾಲ ಬದಲಾಯ್ತಲ್ಲೋ."

"ಕಾಲ ನಿನ್ನೆ ಮೊನ್ನೆ ಬದಲಾಗಿದ್ದಾ? ಇಂಜೆಕ್ಷನ್ ಗಾಡಿ ಬಂದ್ರೆ 'ಸೂಜಿ ಹಾಕ್ಸೋರು ಆಸ್ಪತ್ರೆಗೆ ಹೋಗಿ' ಅಂತ ವಾಪಸ್ ಕಳಿಸ್ತಿದ್ದವನು ನೀನು. ಅಪ್ಪನ ಕಾಲದಿಂದ ಬಂದಿದ್ದನ್ನ ಕಿತ್ತು ಎಸೆಯೋ ಮುಂಚೆ ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅಂದ್ರೆ ಬಿಡ್ಬೇಕಿತ್ತು!"

ಅಣ್ಣ ಎದ್ದು, ಅವನ ಎಡಗಡೆಗೆ ಬಂದು ನಿಂತು, ಹೆಗಲ ಮೇಲೆ ಕೈಯಿಟ್ಟ. "ಒಂದ್ಸಲ ಓಡ್ಸಿ ನೋಡೋ. ಒಂದೇ ಒಂದ್ಸಲ."

ಚಿಕ್ಕ ಮೇಸ್ತ್ರಿ ಆ ಕೈಯನ್ನು ಕೊಡವಿ ಹೊರಟುಹೋದ. ಆಮೇಲೆ ಕಾಯಿಲೆ ನೋಡಲು ಬರುತ್ತಿದ್ದ, ಹಣ್ಣು ತರುತ್ತಿದ್ದ, ಮಳೆ ಬಿಸಿಲಿನ ಬಗ್ಗೆ ಮಾತಾಡುತ್ತಿದ್ದ. ಷೆಡ್ಡಿನ ಬಾಗಿಲ ಕಡೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ. ಅಣ್ಣನೂ ಮತ್ತೆ ಕರೆಯಲಿಲ್ಲ.

*

"ಕೂತ್ಕೊಳಿ ಮೇಸ್ತ್ರಿ. ರೆಡಿ ಇದೆ," ಎಂದಳು ವೈರಿಂಗ್‌ನವಳು.

ಹೊರಗೆ ಅಣ್ಣನನ್ನು ವ್ಯಾನಿಗೆ ಏರಿಸಿ ಆಗಿತ್ತು. ಜನ ಷೆಡ್ಡಿನ ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಅತ್ತಿಗೆ ಬಂದು ಎಡಗಡೆಯ ಸೀಟಿನಲ್ಲಿ ಕೂತರು. ಚಿಕ್ಕ ಮೇಸ್ತ್ರಿ ಸ್ಟೀರಿಂಗಿನ ಹಿಂದೆ ಕೂತು, ಆಕ್ಸಿಲರೇಟರ್ ಪೆಡಲನ್ನು ಎರಡು ಸಲ ಒತ್ತಿ, ಮೂರನೆಯ ಸಲ ಪೂರ್ತಿ ತುಳಿದು ಹಿಡಿದು, ಕೀಲಿ ತಿರುಗಿಸಿದ. ಎಮ್ಮೆಗೆ ಯಾವಾಗಲೂ ಹೀಗೆಯೇ.

ಸ್ಟಾರ್ಟರು ತಿರುಗಿತು, ತಿರುಗಿತು, ಎಂಜಿನ್ನು ಹಿಡಿಯಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಇಲ್ಲ.

"ನಾನು ಹೇಳಿರ್ಲಿಲ್ವಾ," ಎಂದ ಯಾರ ಕಡೆಗೂ ನೋಡದೆ. ದನಿಯಲ್ಲಿ ಗೆದ್ದವನ ಖುಷಿ ಇರಲಿಲ್ಲ. "ನಾನು ಆವತ್ತೇ ಹೇಳಿದ್ದೆ."

ವ್ಯಾನಿನ ಡ್ರೈವರು ಗಡಿಯಾರ ನೋಡಿದ. ಟೈರ್ ಅಂಗಡಿಯವನು "ತಳ್ಳೋಣ್ವಾ?" ಎಂದು ತೋಳೇರಿಸಿದ. ಅಣ್ಣನ ಕೊನೆಯ ಮಾತನ್ನು ಇಷ್ಟು ಜನರ ಮುಂದೆ ನಡೆಸಿಕೊಡಲಾಗದೆ, ತಾನು ಈ ಸೀಟಿನಿಂದಿಳಿದು ವ್ಯಾನಿನ ಹಿಂದೆ ನಡೆದು ಹೋಗುವುದು ಚಿಕ್ಕ ಮೇಸ್ತ್ರಿಯ ಕಣ್ಣಿಗೆ ಕಟ್ಟಿತು. ಮೂರನೆಯ ಸಲ ಕೀಲಿ ತಿರುಗಿಸಿದ. ಪೆಡಲನ್ನು ಇನ್ನೂ ಬಲವಾಗಿ ತುಳಿದ.

ವೈರಿಂಗ್‌ನವಳು ಬಲಗಡೆಯ ಕಿಟಕಿಗೆ ಬಗ್ಗಿ ಏನೋ ಹೇಳಿದಳು. ಅವನು ತಲೆಯಾಡಿಸಿ ತುಳಿಯುತ್ತಲೇ ಇದ್ದ.

"ಆ ಕಡೆಯಿಂದ ಹೇಳ್ಬೇಡಮ್ಮ, ಅವನಿಗೆ ಕೇಳಲ್ಲ," ಎಂದರು ಅತ್ತಿಗೆ. "ಈ ಕಡೆ ಬಾ."

ಅವನ ಕೈ ಕೀಲಿಯ ಮೇಲೆ ಹಾಗೆಯೇ ನಿಂತಿತು.

ವೈರಿಂಗ್‌ನವಳು ಸುತ್ತಿಕೊಂಡು ಅತ್ತಿಗೆಯ ಕಿಟಕಿಗೆ ಬಂದಳು. "ಕಾಲು ತೆಗೀರಿ ಚಿಕ್ಕ ಮೇಸ್ತ್ರಿ. ಪೂರ್ತಿ ತುಳಿದ್ರೆ ಎಂಜಿನ್ನಿಗೆ ಪೆಟ್ರೋಲು ಜಾಸ್ತಿ ಆಗಿದೆ ಅಂತ ಅದು ತಿಳ್ಕೊಂಡು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತೆ. ನೀವು ಏನೂ ಮಾಡ್ಬೇಡಿ. ಕೀಲಿ ಅರ್ಧ ತಿರುಗಿಸಿ, ಒಂದು ಕ್ಷಣ ತಡೀರಿ, ಆಮೇಲೆ ಪೂರ್ತಿ ತಿರುಗಿಸಿ. ಅಷ್ಟೇ."

"ಏನೂ ಮಾಡ್ಬಾರ್ದಾ?"

"ಏನೂ ಮಾಡ್ಬಾರ್ದು."

ಕಾಲು ತೆಗೆಯುವುದು ಅಷ್ಟು ಸುಲಭವಿರಲಿಲ್ಲ. ಅದು ಪೆಡಲಿನ ಮೇಲೆ ಹುಟ್ಟಿದ ಹಾಗೆ ಕೂತಿತ್ತು. ಅವನು ಬಗ್ಗಿ, ಕೈಯಿಂದ ಮೊಣಕಾಲು ಹಿಡಿದು, ಅದನ್ನು ಎತ್ತಿ ಪಕ್ಕಕ್ಕಿಟ್ಟ. ಕೀಲಿ ತಿರುಗಿಸಿ, ತಡೆದು, ಮತ್ತೆ ತಿರುಗಿಸಿದ.

ಎಮ್ಮೆ ಕೆಮ್ಮಲಿಲ್ಲ, ನಡುಗಲಿಲ್ಲ. ಗುಡುಗಿ ಎದ್ದಿತು. ಬಾಗಿಲಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

ಸ್ಟೀರಿಂಗಿನ ಪಕ್ಕದಲ್ಲಿ, ಮೊದಲು ಬೂದಿಬಟ್ಟಲಿದ್ದ ಜಾಗದಲ್ಲಿ, ಕಡಲೆಕಾಳಿನಷ್ಟು ದೀಪವೊಂದು ಹಳದಿಯಾಗಿ ಉರಿಯುತ್ತಿತ್ತು.

"ಇದೇನಿದು?"

"ಅದು ಸಾಮಾನಿನ ಜೊತೆ ಬಂದಿದ್ದಲ್ಲ. ದೊಡ್ಡ ಮೇಸ್ತ್ರಿ ಹೇಳಿ ಮಾಡಿಸಿದ್ದು," ಎಂದಳು ವೈರಿಂಗ್‌ನವಳು. "ಗಾಳಿ, ಪೆಟ್ರೋಲು ಸಮ ಇದ್ರೆ ಹಸಿರು. ಇಲ್ದಿದ್ರೆ ಹಳದಿ. ಬಿಸಿ ಆಗೋ ತನಕ ಹಳದೀನೇ ಇರುತ್ತೆ. ನಾನು ಬೇಡ ಅಂದೆ. ಕಂಪ್ಯೂಟರೇ ಸರಿ ಮಾಡ್ಕೊಳ್ಳುತ್ತೆ, ಅದನ್ನ ನೋಡಿ ಯಾರಿಗೇನಾಗ್ಬೇಕು ಅಂತ. 'ನನಗಲ್ಲಮ್ಮ, ನನ್ ತಮ್ಮನಿಗೆ. ಪೈಪಿನ ಸದ್ದು ಅವನಿಗೆ ಕೇಳೋದು ನಿಂತು ಎಷ್ಟೋ ವರ್ಷ ಆಯ್ತು. ಕಣ್ಣಿಗಾದ್ರೂ ಕಾಣ್ಲಿ' ಅಂದ್ರು."

ಚಿಕ್ಕ ಮೇಸ್ತ್ರಿ ಅತ್ತಿಗೆಯ ಕಡೆ ತಿರುಗಿದ. "ನಿಮಗೂ ಗೊತ್ತಿತ್ತಾ?"

"ನಿನ್ನ ಎಡಗಡೆ ಕೂತು ಕೂತು ನನ್ನ ಕತ್ತೇ ಒಂದು ಕಡೆ ತಿರುಗಿಹೋಗಿದೆ ಕಣೋ," ಎಂದರು ಅತ್ತಿಗೆ. "ಅವರದ್ದೂ ಅಷ್ಟೇ."

ಅವನು ನೆನೆದುಕೊಂಡ. ರಸ್ತೆಯಲ್ಲಿ ನಡೆಯುವಾಗ, ಊಟಕ್ಕೆ ಕೂರುವಾಗ, ಟೀ ಅಂಗಡಿಯ ಬೆಂಚಿನ ಮೇಲೆ, ಅಣ್ಣ ಯಾವಾಗ ಬಲಗಡೆ ಇದ್ದ? ಒಂದು ಸಲವೂ ನೆನಪಾಗಲಿಲ್ಲ. ಊಟ ಬೇಗ ಮುಗಿಸಿ ಬಂದ ಆ ದಿನ ನೆನಪಾಯಿತು. ಕೈಯೇ ಕಿವಿಯಾಗಿದೆಯೆಂದು ಬೀಗಿದ ಗಾಡಿಗಳೆಲ್ಲ ನೆನಪಾದವು.

"ಗಾಡಿಗಳನ್ನೆಲ್ಲ ಅವನೇ ತಿದ್ತಿದ್ನಾ?"

"ನೀನು ಊಟಕ್ಕೆ ಹೋದಾಗ. ಅದಕ್ಕೇ ಅವರ ಊಟ ದಿನಾ ತಣ್ಣಗಾಗ್ತಿತ್ತು. ಕಾಯಿಲೆ ಅಂತ ಗೊತ್ತಾದ ದಿನ ಡಾಕ್ಟರ ಹತ್ರ ಒಂದ್ ಮಾತೂ ಆಡ್ಲಿಲ್ಲ, ಮನೆಗೆ ಬಂದು ಕೇಳಿದ್ದು ಒಂದೇ: ನಾನು ಹೋದ್ಮೇಲೆ ಮರಿ ಹಿಂದೆ ತಿದ್ದೋರು ಯಾರು? ಬೇರೆ ಗಾಡಿ ಹೋಗ್ಲಿ, ಎಮ್ಮೆ ಅವನ ಕೈಲಿ ಕೆಟ್ಟು ನಿಂತ್ರೆ ಅವನು ತಡ್ಕೊಳ್ಳಲ್ಲ ಅಂತ."

"ನನಗೆ ಹೇಳ್ಬಾರ್ದಿತ್ತಾ ಅತ್ತಿಗೆ?"

"ಹೇಳಿದ್ರೆ ಅವಮಾನ ಆಗಿ ನೀನು ಷೆಡ್ಡಿಗೇ ಬರಲ್ಲ ಅಂತ ಹೆದರಿದ್ರು." ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡರು. "ಹೇಳ್ಲಿಲ್ಲ. ಆದ್ರೂ ನೀನು ಬರ್ಲಿಲ್ಲ."

ಅವನಿಗೆ ಅಳಬೇಕು ಎನ್ನಿಸಿತು, ಅದೂ ದೂರದಲ್ಲಿ ಯಾರಿಗೋ ಅನ್ನಿಸಿದಂತೆ ಅನ್ನಿಸಿತು. ಕೈ ಮಾತ್ರ ತನ್ನ ಪಾಡಿಗೆ ಹೋಗಿ ಚೋಕಿನ ಗುಬುಟನ್ನು ಹುಡುಕಿತು. ಅದೂ ಇರಲಿಲ್ಲ. ವಾಪಸ್ಸು ಬಂದು ಸ್ಟೀರಿಂಗಿನ ಮೇಲೆ ಕೂತಿತು.

"ಹೊರಡೋಣ್ವಾ?" ವ್ಯಾನಿನ ಡ್ರೈವರು ಹೊರಗಿನಿಂದ ಕೈಯೆತ್ತಿ ಸನ್ನೆ ಮಾಡಿದ.

"ತಡಿ," ಎಂದ ಚಿಕ್ಕ ಮೇಸ್ತ್ರಿ. "ಬಿಸಿ ಆಗ್ಲಿ."

ಎಲ್ಲರೂ ಕಾದರು. ಅವನು ಏನೂ ಮಾಡದೆ ಕೂತಿದ್ದ. ಎಂಜಿನ್ನು ಒಂದೇ ಸಮ ಗುಡುಗುತ್ತಿತ್ತು. ಒಮ್ಮೆ ಅದರ ದನಿ ಚೂರು ಇಳಿಯಿತು, ಮತ್ತೆ ಏರಿತು, ಆಮೇಲೆ ಒಂದು ಮಟ್ಟಕ್ಕೆ ಬಂದು ನಿಂತಿತು. ದೀಪ ಹಳದಿಯಿಂದ ಒಂದು ಸಲ ಮಿನುಗಿ ಹಸಿರಾಯಿತು.

ಅವನು ಗೇರ್ ಹಾಕಿದ. ಎಮ್ಮೆ ಷೆಡ್ಡಿನ ನೆರಳಿನಿಂದ ಬೀದಿಗೆ ಇಳಿಯಿತು, ಹಿಂದೆಯೇ ವ್ಯಾನು ಹೊರಟಿತು. ಅಂಗಡಿಗಳ ಮುಂದೆ ಜನ ಎದ್ದು ನಿಂತಿದ್ದರು. ಅವನು ಯಾರನ್ನೂ ನೋಡಲಿಲ್ಲ. ಬೆಳಗಿನ ಬಿಸಿಲು ಗಾಜಿನ ಮೂಲಕ ನೇರ ಒಳಗೆ ಬೀಳುತ್ತಿತ್ತು, ಆ ಬೆಳಕಿನಲ್ಲಿ ಕಡಲೆಕಾಳಿನಷ್ಟು ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಚಿಕ್ಕ ಮೇಸ್ತ್ರಿ ಒಂದು ಕೈಯನ್ನು ಸ್ಟೀರಿಂಗಿನಿಂದ ತೆಗೆದು, ಗಾಳಿಗೆ ಆರದಂತೆ ಮರೆ ಹಿಡಿಯುವವನ ಹಾಗೆ, ಅಂಗೈಯನ್ನು ದೀಪದ ಸುತ್ತ ಬಳಸಿ ಹಿಡಿದ. ಬೆರಳುಗಳ ನೆರಳಿನಲ್ಲಿ ಅದು ಹಸಿರಾಗಿಯೇ ಇತ್ತು. ತಿರುವು ಬರುವವರೆಗೂ ಅವನು ಕೈ ತೆಗೆಯಲಿಲ್ಲ.